ಹಸೆಗೋಡೆಯ ಇರುವೆ

‘ಇದು ಕಂಪ್ಯೂಟರಿನಲ್ಲಿ ತಯಾರಿಸಿದ ಚಿತ್ರ. ಸ್ಪರ್ಧೆಯಿಂದ ಕೈಬಿಡಲಾಗಿದೆ.’

ನನ್ನ ಅಮ್ಮ ಅನ್ನಮ್ಮ ಬರೆದ ಹಸೆಯ ಫೋಟೋ ಕೆಳಗೆ ನರಸಿಂಹರಾಜಪುರದ ಕಲಾ ಬಳಗದವರು ತಮ್ಮ ವೆಬ್‌ಸೈಟಿನಲ್ಲಿ ಹೀಗೆ ಬರೆದರು. ಹಸೆ ಎಂದರೆ ಮದುವೆಮನೆಯ ಗೋಡೆಗೆ ಬರೆಯುವ ಚಿತ್ತಾರ. ಕೆಮ್ಮಣ್ಣು, ಅಕ್ಕಿಹಿಟ್ಟು ಬಿಟ್ಟು ಬೇರೇನೂ ಬಳಸಬಾರದು ಎಂಬುದು ಸ್ಪರ್ಧೆಯ ನಿಯಮ. ಬೇರೆ ಏನನ್ನೂ ಅಮ್ಮ ಜನ್ಮದಲ್ಲಿ ಮುಟ್ಟಿದವಳಲ್ಲ.

ಮೂರೇ ದಿನದಲ್ಲಿ ಆ ಎರಡು ಸಾಲು ನಮ್ಮೂರು ಕಮ್ಮರಡಿಯ ಎಲ್ಲ ಮೊಬೈಲಿಗೂ ಹೋಯಿತು. ನಾಲ್ಕನೆಯ ದಿನ ಬಸರೀಕಟ್ಟೆಯ ಶ್ರೀನಿವಾಸ ಗೌಡರ ಫೋನು. ಭಾನುವಾರ ಅವರ ಮಗಳ ಮದುವೆ, ಹಸೆ ಬರೆಯಲು ಅಮ್ಮನನ್ನೇ ಕರೆದಿದ್ದರು.

"ಬರೋದು ಬೇಡ ಅನ್ನಮ್ಮ. ಫ್ಲೆಕ್ಸ್ ಅಂಟಿಸ್ತೇವೆ. ಎರಡೂ ಕಂಪ್ಯೂಟರಿಂದೇ ಅಂತಾರಲ್ಲ."

ಅಮ್ಮ ಫೋನಿಟ್ಟಳು. ಹಸೆಗೆಂದು ನೆನೆಹಾಕಿದ್ದ ಅಕ್ಕಿಯನ್ನು ದೋಸೆಗೆ ಅರೆದಳು. ನಾನು ದೋಸೆಯ ತಟ್ಟೆ ಸರಿಸಿ ಎದ್ದೆ. ಗ್ಯಾರೇಜಿಗೆ ರಜೆ ಹೇಳಿ, ಕೊಪ್ಪದಲ್ಲಿ ನರಸಿಂಹರಾಜಪುರದ ಬಸ್ಸು ಹತ್ತಿದೆ.

ಬಳಗದ ಕೋಣೆಯಲ್ಲಿ ಇಬ್ಬರಿದ್ದರು. ಅಧ್ಯಕ್ಷ ಪರಮಶಿವಯ್ಯ, ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಕಂಪ್ಯೂಟರ್ ಮುಂದೆ ಕೂತಿದ್ದ ನಯನ.

"ನಾನು ಧರ್ಮೇಶ, ಅನ್ನಮ್ಮನ ಮಗ. ಆ ಫೋಟೋ ತೆಗೆದವನೂ ನಾನೇ. ಕಂಪ್ಯೂಟರ್ ಎಲ್ಲಿಂದ ಬಂತು ಸಾರ್? ನಮ್ಮನೇಲಿರೋ ಮೆಷಿನ್ ಅಂದ್ರೆ ಮಿಕ್ಸಿ ಒಂದೇ."

ಮೇಷ್ಟ್ರು ನನ್ನ ಉಗುರಿನ ಗ್ರೀಸು ನೋಡಿದರು. "ಎಷ್ಟನೇ ಕ್ಲಾಸು ಓದಿದ್ದೀಯ?"

"ಒಂಬತ್ತು. ಅದೂ ಅರ್ಧ."

"ಹಾಗಾದ್ರೆ ಸುಮ್ಮನೆ ನೋಡು. ನಯನ, ದೊಡ್ಡದು ಮಾಡಮ್ಮ."

ಅಂಗೈಯಗಲದ ಚಿತ್ರ ಪರದೆ ತುಂಬ ಉಬ್ಬಿತು. ಅಮ್ಮ ಎಳೆದ ಬಿಳಿ ಗೆರೆಗಳೆಲ್ಲ ಮಸುಕಾಗಿ ಚೌಕ ಚೌಕವಾಗಿ ಒಡೆದವು.

"ನೋಡಿದ್ಯಾ? ಕೈಯಲ್ಲಿ ಬರೆದದ್ದರಲ್ಲಿ ಚೌಕ ಎಲ್ಲಿಂದ ಬರುತ್ತೆ? ಮೂವತ್ತು ವರ್ಷ ಡ್ರಾಯಿಂಗ್ ಕಲಿಸಿದ್ದೇನೆ ಮಾರಾಯ."

ಇಷ್ಟಕ್ಕೇನಾ! ನನಗೆ ಮೈಯೆಲ್ಲ ಉರಿದುಹೋಯಿತು.

"ಸಾರ್, ಇದು ನಿಮ್ಮ ವೆಬ್‌ಸೈಟು ಮಾಡಿಕೊಂಡ ಚಿಕ್ಕ ಪ್ರತಿ. ನಾನು ಕಳಿಸಿದ್ದು ಒಳಗಿದೆ. ಸ್ಟಾಂಪ್ ಸೈಜಿನ ಫೋಟೋ ಹಿಗ್ಗಿಸಿ ಮುಖ ನೆಟ್ಟಗಿಲ್ಲ ಅಂದ್ರೆ ಅದು ಹುಡುಗಿ ತಪ್ಪಾ?"

ಇದನ್ನು ನನಗೆ ಶಾಲೆ ಕಲಿಸಲಿಲ್ಲ, ಜೀಪು ಕಲಿಸಿತು. ಗೇರ್‌ಬಾಕ್ಸ್ ಬಿಚ್ಚಿದಾಗ ಯಾವ ವಾಷರ್ ಎಲ್ಲಿಗೆಂದು ಮೊಬೈಲಿನಲ್ಲಿ ಚಿತ್ರ ಹುಡುಕುತ್ತೇನೆ. ಮೊದಲು ಸಿಗುವುದು ಯಾವಾಗಲೂ ಚಿಕ್ಕದು. ಒಮ್ಮೆ ಅದನ್ನೇ ಹಿಗ್ಗಿಸಿ ನಂಬಿ ವಾಷರ್ ತಿರುಗುಮುರುಗು ಹಾಕಿದ್ದೆ. ಜೀಪು ಏರಿನ ನಡುವೆ ನಿಂತು, ಹನ್ನೆರಡು ಜನರ ಬೈಗುಳ ತಿಂದೆ. ಆಮೇಲಿಂದ ಅಸಲಿ ಚಿತ್ರ ಸಿಗುವ ತನಕ ಸ್ಪ್ಯಾನರ್ ಮುಟ್ಟುವುದಿಲ್ಲ.

"ನಯನಕ್ಕ, ಚಿತ್ರದ ಮೇಲೆ ರೈಟ್ ಕ್ಲಿಕ್ ಮಾಡಿ, ಹೊಸ ಟ್ಯಾಬಿನಲ್ಲಿ ಅದೊಂದನ್ನೇ ತೆಗೀರಿ. ಹಾಂ. ಮೇಲೆ ವಿಳಾಸದಲ್ಲಿ, ಚಿತ್ರದ ಹೆಸರಿನ ಕೊನೇಲಿ ಮುನ್ನೂರು, ಇನ್ನೂರ ಇಪ್ಪತ್ತೈದು ಅಂತ ಅಳತೆಯ ಬಾಲ ಇದೆಯಲ್ಲ? ಆ ಬಾಲ ಕತ್ತರಿಸಿ. ಎಂಟರ್."

ಹೊಸ ಚಿತ್ರ ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಇಳಿಯಿತು.

"ಇದು ಪರದೆಗೆ ಕುಗ್ಗಿಸಿದ್ದು. ಬಾಣ ಇಟ್ಟರೆ ಭೂತಗನ್ನಡಿ ಬರುತ್ತಲ್ಲ, ಅಲ್ಲೇ ಒತ್ತಿ."

ನಮ್ಮನೆ ಗೋಡೆ ಆ ಕೋಣೆಗೆ ಬಂದು ನಿಂತಿತು. ನಾರಿನ ಕುಂಚ ಸೀಳಿದ ಕಡೆ ಒಂದು ಗೆರೆ ಎರಡಾಗಿತ್ತು. ಅಮ್ಮನ ಕೈ ನಡುಗಿದ ಕಡೆ ಗೆರೆಯೂ ನಡುಗಿತ್ತು. ಮೇಷ್ಟ್ರು ಕುರ್ಚಿ ಹತ್ತಿರ ಎಳೆದುಕೊಂಡರು. ಆದರೂ ಜಗ್ಗಲಿಲ್ಲ.

"ಕೈಯಲ್ಲೇ ಬರೆದದ್ದು ಅಂತಿಟ್ಕೋ. ಬಿಳಿ ಪೇಂಟಿರಬಹುದಲ್ಲ? ಅಕ್ಕಿಹಿಟ್ಟು ಅನ್ನೋಕೆ ಏನು ಗ್ಯಾರಂಟಿ?"

"ಕೆಳಗಿಳಿಸಿ ನಯನಕ್ಕ. ಪಲ್ಲಕ್ಕಿ ಹೊರುವವನ ಎಡಗಾಲಿನ ಹತ್ತಿರ."

ಅಲ್ಲೊಂದು ಕಪ್ಪಿರುವೆ. ಬಾಯಲ್ಲಿ ಬಿಳಿ ಹಿಟ್ಟಿನ ಚೂರು. ಹಿಂದೆ, ಗೆರೆಯಲ್ಲಿ, ಅಷ್ಟೇ ಅಗಲದ ಖಾಲಿ. ಫೋಟೋ ತೆಗೆಯುವಾಗ ನಾನು ಅದನ್ನು ಊದಿ ಓಡಿಸಲು ಹೋಗಿದ್ದೆ. "ಇರ್ಲಿ ಬಿಡೋ, ಅದೂ ಊಟಕ್ಕೆ ಬಂದದ್ದು" ಎಂದು ಅಮ್ಮ ತಡೆದಿದ್ದಳು.

"ಪೇಂಟ್ ತಿನ್ನೋ ಇರುವೆ ನಿಮ್ಮೂರಲ್ಲಿದೆಯಾ ಸಾರ್?"

ನಯನ ಫಕ್ಕನೆ ನಕ್ಕಳು. ಮೇಷ್ಟ್ರು ಕನ್ನಡಕ ಒರೆಸಿ ಮತ್ತೆ ನೋಡಿದರು. ಇರುವೆ ಅಲ್ಲೇ ಇತ್ತು.

"ಆಯ್ತು ಮಾರಾಯ. ಬರೆದದ್ದನ್ನ ಅಳಿಸಿಬಿಡ್ತೇವೆ."

"ಅಳಿಸಿದ್ರೆ ಊರಿಗೆ ಹೋದ ಮಾತು ವಾಪಸ್ ಬರ್ತದಾ? ಅದು ಅಲ್ಲೇ ಇರ್ಲಿ. ಕೆಳಗೆ, ಚಿಕ್ಕ ಪ್ರತಿ ನೋಡಿ ತಪ್ಪು ಬರೆದೆ ಅಂತ ನಿಮ್ಮ ಹೆಸರು ಹಾಕಿ ಬರೀರಿ. ಈ ದೊಡ್ಡ ಚಿತ್ರಾನೂ ಹಾಕಿ. ಆಮೇಲೆ ಶ್ರೀನಿವಾಸ ಗೌಡ್ರಿಗೆ ಫೋನ್ ಮಾಡಿ. ಈಗಲೇ, ಸ್ಪೀಕರ್ ಹಾಕಿ."

"ನಂಗೇ ಹುಕುಂ ಮಾಡ್ತೀಯಾ?"

"ಹೌದು ಸಾರ್. ಅರ್ಧ ಒಂಬತ್ತನೇ ಕ್ಲಾಸಿನ ಹುಕುಂ."

ನಯನ ಆಗಲೇ ಟೈಪ್ ಮಾಡಲು ಶುರುಮಾಡಿದ್ದಳು. ಮೇಷ್ಟ್ರು ಅವಳನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಫೋನ್ ಎತ್ತಿಕೊಂಡರು. ತಪ್ಪಾಯಿತು ಎಂದು ಎರಡು ಸಲ ಕೆಮ್ಮಿ ಹೇಳಿದರು.

"ಅಯ್ಯೋ, ಫ್ಲೆಕ್ಸ್ ಪ್ರಿಂಟಾಗಿ ಬಂದಾಯ್ತಲ್ಲ ಮೇಷ್ಟ್ರೇ" ಅಂದರು ಗೌಡರು.

ನಾನು ಫೋನಿಗೆ ಬಗ್ಗಿದೆ. "ಹಾಕ್ಕೊಳ್ಳಿ ಗೌಡ್ರೇ, ಬೇಡ ಅಂದವರ‍್ಯಾರು? ಎದುರು ಗೋಡೆ ಖಾಲಿ ಬಿಡಿ ಸಾಕು, ಅಮ್ಮ ಬರ್ತಾಳೆ. ಭಾನುವಾರ ಇರುವೆ ಯಾವ ಗೋಡೆ ಹತ್ತುತ್ತೆ ನೋಡೇಬಿಡೋಣ."

ಆ ಕಡೆ ಯಾರೋ ಹೆಂಗಸರು ನಕ್ಕದ್ದು ಕೇಳಿಸಿತು. ಗೌಡರು, "ಯಾವ ಬಸ್ಸಿಗೆ ಬರ್ತಾರೆ?" ಎಂದರು.

"ಬಸ್ಸಲ್ಲ. ಜೀಪಲ್ಲಿ ನಾನೇ ಕರ್ಕೊಂಡು ಬರ್ತೇನೆ."

ಮೆಟ್ಟಿಲಿಳಿಯುತ್ತಲೇ ಮನೆಗೆ ಫೋನ್ ಮಾಡಿದೆ. "ಅಮ್ಮಾ, ಅಕ್ಕಿ ನೆನೆಹಾಕು."

"ಮತ್ತೆ ದೋಸೆಗಾ?"

"ಗೋಡೆಗೆ."