ಹೆಪ್ಪಿನ ಭರಣಿ

ನಾನು ಪುಣೆಯಲ್ಲಿ ನೆಗಡಿಗೆ ಲಸಿಕೆ ಕಂಡುಹಿಡಿಯುತ್ತಿದ್ದೇನೆಂದು ನಮ್ಮವ್ವ ಇಳಕಲ್ಲಿಗೆಲ್ಲ ಸಾರಿಬಿಟ್ಟಿದ್ದಳು. ರಜೆಗೆ ಊರಿಗೆ ಹೋದರೆ ಸಾಕು, ಓಣಿಯವರೆಲ್ಲ ಮೂಗು ಒರೆಸಿಕೊಳ್ಳುತ್ತ ಬಾಗಿಲಿಗೆ ಬರುತ್ತಿದ್ದರು. ನಾನು ಹಲ್ಲು ಕಚ್ಚಿಕೊಂಡು ಶುಂಠಿ ಕಷಾಯ ಹೇಳಿ ಕಳಿಸುತ್ತಿದ್ದೆ.

ನಿಜವಾಗಿ ನಮ್ಮ ಪ್ರಯೋಗಾಲಯ ಗುದ್ದಾಡುತ್ತಿದ್ದದ್ದು ಗೊನೊರಿಯಾ ಎಂಬ ಗುಪ್ತರೋಗದ ಜೊತೆ. ಪೆನಿಸಿಲಿನ್ ಸೂಜಿಗೂ ಜಗ್ಗದ ಕ್ರಿಮಿಗಳು ಆಗ ಹೊಸದಾಗಿ ತಲೆಯೆತ್ತಿದ್ದವು. ಅವುಗಳ ಮೈಮೇಲಿನ ಕೂದಲೆಳೆಯಂಥ ಪ್ರೋಟೀನನ್ನು ಬೇರ್ಪಡಿಸಿ ಲಸಿಕೆ ಮಾಡಬೇಕೆಂಬುದು ನಮ್ಮ ಆಸೆ. ಅದಕ್ಕೆ ಅಂಥ ಕ್ರಿಮಿ ಜೀವಂತ ಬೇಕು. ಎಷ್ಟು ಹುಡುಕಿದರೂ ಸಿಗದಿದ್ದದ್ದು, ೧೯೮೩ರ ಚಳಿಗಾಲದಲ್ಲಿ ಬಾದಾಮಿಯ ಡಾಕ್ಟರೊಬ್ಬರ ರೋಗಿಯಲ್ಲಿ ಸಿಕ್ಕಿತು.

ಇಷ್ಟು ನಾಜೂಕಿನ ಜೀವವನ್ನು ನಾನು ನೋಡಿಲ್ಲ. ಎಂಥೆಂಥ ಸಂಸಾರಗಳನ್ನೋ ಹಾಳುಮಾಡುತ್ತದೆ, ಆದರೆ ತಣ್ಣನೆಯ ಗಾಳಿ ಸೋಕಿದರೆ ಸಾಯುತ್ತದೆ. ಭರಣಿಯೊಳಗೆ ಮೇಣಬತ್ತಿ ಹಚ್ಚಿ ಮುಚ್ಚಳ ಬಿಗಿದರೆ, ಬತ್ತಿ ಆರಿದ ಮೇಲೆ ಉಳಿಯುವ ಗಾಳಿಯೇ ಅದಕ್ಕೆ ಹಿತ. ಜೊತೆಗೆ ಮೈಯ ಬಿಸಿಯೂ ಬೇಕು. ಪುಣೆ ಮುಟ್ಟುವ ತನಕ ಆ ಪುಟ್ಟ ಭರಣಿಯನ್ನು ಸೆರಗಿನೊಳಗೆ ಅವುಚಿಕೊಂಡು ಕೂರಬೇಕಿತ್ತು. ನಡುವೆ ಮುಚ್ಚಳ ತೆಗೆದರೆ ಎಲ್ಲ ಮುಗಿದಂತೆ.

ಮದುವೆಯಾಗದ ಮಗಳು ಒಂಟಿಯಾಗಿ ಹೋಗಬಾರದೆಂದು ಅವ್ವ ಬೆನ್ನುಹತ್ತಿದಳು. ಬಾದಾಮಿ ಸ್ಟೇಷನ್ನಿನಲ್ಲೇ ತಾಕೀತು ಮಾಡಿದಳು.

“ಯಾರರ ಕೇಳಿದ್ರ ಹೆಪ್ಪು ಅಂತ ಹೇಳು. ಹೆಪ್ಪಿಗೂ ಬೆಚ್ಚಗ ಇರಬೇಕಲ್ಲ.”

ರೈಲಿನಲ್ಲಿ ಎದುರಿಗೆ ಕೂತ ಗುರುಲಿಂಗವ್ವ ಬನಶಂಕರಿ ಜಾತ್ರೆಗೆ ಹೋಗಿ ಬಾಗಲಕೋಟೆಗೆ ಮರಳುತ್ತಿದ್ದವರು. ಅವರ ಹಣೆಯ ವಿಭೂತಿ ಕಂಡದ್ದೇ ಅವ್ವನಿಗೆ ನೆಂಟಸ್ತನದ ವಾಸನೆ ಹತ್ತಿತು. ಗುಳೇದಗುಡ್ಡ ರೋಡ್ ದಾಟುವಷ್ಟರಲ್ಲಿ ಅವರಿಗೊಬ್ಬ ದತ್ತುಮಗನಿದ್ದಾನೆ, ಬ್ಯಾಂಕಿನಲ್ಲಿದ್ದಾನೆ, ಕಲಿತ ಹುಡುಗಿಯನ್ನೇ ಹುಡುಕುತ್ತಿದ್ದಾರೆ ಎಂಬುದೆಲ್ಲ ಹೊರಬಂತು. ಅವ್ವನ ಮುಖ ಮೊರದಗಲವಾಯಿತು.

“ಸೆರಗಿನ್ಯಾಗ ಏನವ್ವಾ ಅದು?” ಎಂದು ಗುರುಲಿಂಗವ್ವ ನನ್ನನ್ನು ಕೇಳಿದರು.

“ಹೆಪ್ಪುರಿ,” ಎಂದು ಅವ್ವನೇ ಬಾಯಿ ಹಾಕಿದಳು. “ನಮ್ಮ ಮನಿ ಹೆಪ್ಪು ಹಾಕಿದ್ರ ಮಸರು ಕಲ್ಲಾಗತೈತಿ. ಪುಣೇದಾಗ ಅಂಥಾದ್ದು ಎಲ್ಲಿ ಸಿಗಬೇಕು?”

ಹೆಪ್ಪು ಅಂದಷ್ಟಕ್ಕೇ ನಿಲ್ಲಿಸಬಾರದಿತ್ತೇ ನಮ್ಮ ಮಹಾತಾಯಿ!

“ಹಂಗಾದ್ರ ನನಗೂ ಒಂದು ಚಮಚಾ ಕೊಡ್ರಿ. ಬೀಗರಾಗೋ ಮಂದಿ ನಾವು,” ಎಂದು ಗುರುಲಿಂಗವ್ವ ಬುತ್ತಿಯ ಡಬ್ಬಿ ಚಾಚಿದರು.

“ಶುಕ್ರವಾರ ನಾವು ಹೆಪ್ಪು ಕೊಡಂಗಿಲ್ರಿ,” ಎಂದು ಅವ್ವ ಜಾರಿಕೊಳ್ಳಲು ನೋಡಿದಳು.

“ಇವತ್ತ ಗುರುವಾರ್ರಿ,” ಎನ್ನುತ್ತ ಅವರ ಕೈ ಭರಣಿಯ ಮುಚ್ಚಳಕ್ಕೇ ಬಂತು.

ನಾನು ಅವ್ವನನ್ನು ನೋಡಿದೆ. ಕ್ರಿಮಿ ಉಳಿಯಬೇಕಾದರೆ ನಿಜ ಹೇಳಬೇಕು, ನಿಜ ಹೇಳಿದರೆ ಸಂಬಂಧ ಮುರಿಯುತ್ತದೆ. ನನ್ನ ಮದುವೆಗಾಗಿ ಅವ್ವ ಹೊರದ ಹರಕೆಯಿಲ್ಲ.

ಅವ್ವ ಥಟ್ಟನೆ ಭರಣಿ ಕಸಿದುಕೊಂಡಳು. ಎದೆಯ ಮೇಲಿನ ಲಿಂಗದ ಪಕ್ಕದಲ್ಲೇ ಅದನ್ನು ಒತ್ತಿಕೊಂಡು ಸೆರಗು ಹೊದ್ದಳು.

“ಹೆಪ್ಪಲ್ರಿ ಇದು. ಗಂಡಸರು ಹೊರಗಿಂದ ತಂದು ಹೆಂಡರಿಗಿ ಹಚ್ಚತಾರಲ್ಲ, ಆ ರೋಗದ ಹುಳ. ನಮ್ಮ ನೀಲಾ ಅದಕ್ಕ ಲಸಿಕಿ ಮಾಡಾಕತ್ತಾಳ. ನೆಗಡಿಗಲ್ಲ.”

ಪಕ್ಕದಲ್ಲಿದ್ದ ಗಂಡಸರಿಬ್ಬರು ಕಿಟಕಿಯಾಚೆಯ ಜೋಳದ ಹೊಲವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು. ಗುರುಲಿಂಗವ್ವ ಡಬ್ಬಿ ಮುಚ್ಚಿ ಗಂಟಿಗೆ ಸೇರಿಸಿದರು.

ಬಾಗಲಕೋಟೆ ಬಂದಾಗ ಅವರು ಎದ್ದು, ತಮ್ಮ ಗಂಟಿನಿಂದ ಕೌದಿ ತೆಗೆದು ಅವ್ವನ ಮೈಗೆ ಭರಣಿಯ ಸಮೇತ ಸುತ್ತಿದರು. ನನ್ನ ಕಿವಿಯ ಹತ್ತಿರ ಬಗ್ಗಿದರು.

“ಹೆಂಗಸರಿಗೂ ಕೊಡ್ತೀರೇನವ್ವಾ ಆ ಲಸಿಕಿ? ಮದಿವಿಗಿ ಮೊದಲ ಕೊಡ್ರಿ. ನನಗ ಗೊತ್ತಾಗೂದ್ರಾಗ ಹೊಟ್ಟಿಯೊಳಗ ಎಲ್ಲಾ ಕೆಟ್ಟಿತ್ತು. ಅದಕ್ಕ ದತ್ತು ತಗೋಬೇಕಾತು.”

ಅವ್ವ ಅವರ ಕೈ ಹಿಡಿದುಕೊಂಡಳು, ರೈಲು ಅಲುಗಾಡಿದ ಮೇಲೆಯೇ ಬಿಟ್ಟಳು.

ಕ್ರಿಮಿ ಜೀವಂತವಾಗಿ ಪುಣೆ ಮುಟ್ಟಿತು. ಬ್ಯಾಂಕಿನ ಮಗನ ಮಾತು ಮಾತ್ರ ಮುಂದುವರಿಯಲಿಲ್ಲ, ಅದಕ್ಕಾಗಿ ಅವ್ವ ಒಂದು ಸಲವೂ ಹಳಹಳಿಸಲಿಲ್ಲ. ಲಸಿಕೆಯೂ ಆಗಿಲ್ಲ. ನಾವು ಗುರುತು ಹಿಡಿಯುವಷ್ಟರಲ್ಲಿ ಆ ಕಳ್ಳ ಕ್ರಿಮಿ ತನ್ನ ಪ್ರೋಟೀನಿನ ಅಂಗಿ ಬದಲಿಸಿರುತ್ತದೆ. ವರ್ಷಕ್ಕೊಮ್ಮೆ ಬನಶಂಕರಿಯಲ್ಲಿ ಗುರುಲಿಂಗವ್ವ ಅವ್ವನಿಗೆ ಸಿಗುತ್ತಾರೆ. ನಾಲ್ಕು ಜನರೆದುರಿಗೇ, “ನಿಮ್ಮ ಹುಡುಗಿ ಹಾಕಿದ ಹೆಪ್ಪು ಮಸರಾತೇನ್ರಿ?” ಎಂದು ಕೇಳಿ ನಗುತ್ತಾರಂತೆ.

ಇನ್ನೂ ಇಲ್ಲ ಎಂದು ಅವ್ವನ ಹತ್ತಿರ ಹೇಳಿ ಕಳಿಸುವಾಗ ಪ್ರತಿ ಸಲವೂ ನನಗೆ ನಾಚಿಕೆಯಾಗುತ್ತದೆ.