ಮೆಟ್ಟಿಲು ಕಡಿದ ಗೆರೆ

ನಕ್ಷೆಯಲ್ಲಿ ಮೆಟ್ಟಿಲನ್ನು ಕಡಿಯುವ ಗೆರೆ ಯಾವಾಗಲೂ ಓರೆಯಾಗಿರುತ್ತದೆ. ನೇರವಾಗಿ ಎಳೆದರೆ ನೋಡುವವರು ಅದನ್ನೂ ಒಂದು ಮೆಟ್ಟಿಲೆಂದೇ ತಿಳಿದುಬಿಡುತ್ತಾರೆ. ನಕ್ಷೆ ಎಂದರೆ ಕಟ್ಟಡವನ್ನು ಎದೆಯ ಎತ್ತರದಲ್ಲಿ ಅಡ್ಡಡ್ಡ ಕೊಯ್ದು, ಮೇಲಿನದನ್ನು ಎತ್ತಿ ಪಕ್ಕಕ್ಕಿಟ್ಟು, ಉಳಿದದ್ದರೊಳಗೆ ಇಣುಕಿದ ನೋಟ. ಗೋಡೆ ಬಾಗಿಲುಗಳಿಗೆ ಇದರಿಂದ ತೊಂದರೆಯಿಲ್ಲ. ಮೆಟ್ಟಿಲು ಮಾತ್ರ ನೆಲದಿಂದ ಹೊರಟು ಏರುತ್ತಾ ಹೋಗುವುದರಿಂದ ಎಲ್ಲೋ ಒಂದು ಕಡೆ ಆ ಕತ್ತಿಗೆ ಸಿಕ್ಕಿಯೇ ಸಿಗುತ್ತದೆ. ಸಿಕ್ಕ ಜಾಗದಲ್ಲಿ ಓರೆಗೆರೆ. ಅದರ ಈಚೆಗಿನ ಮೆಟ್ಟಿಲುಗಳು ಕಣ್ಣಿನ ಕೆಳಗಿರುತ್ತವೆ, ಆಚೆಯವು ತಲೆಯ ಮೇಲೆ. ನಾನು ಈ ಕಸುಬಿಗೆ ಬಂದ ಹೊಸದರಲ್ಲಿ, ಇಂಥ ಒಂದು ಗೆರೆಯ ಸುತ್ತ ಒಂದು ಊರಿನ ಹೆಂಗಸರು ನೆಲದ ಮೇಲೆ ಮಂಡಿಯೂರಿ ಕೂತು ವಾದಿಸಿದ್ದನ್ನು ನೋಡಿದ್ದೇನೆ.

ಆ ಊರಿನ ಮಹಿಳಾ ಸಮಾಜದ ಹಳೆಯ ಕಟ್ಟಡವನ್ನು ಕೆಡವಿ ಅಲ್ಲೇ ಹೊಸದನ್ನು ಕಟ್ಟಬೇಕಾಗಿತ್ತು. ಕೆಲಸ ನಮ್ಮ ಕಚೇರಿಗೆ ಬಂತು. ಕಚೇರಿ ಎಂದರೆ ಯಜಮಾನರಾದ ವಸುಪಾಲ ಅವರು ಮತ್ತು ನಾನು. ನಿವೇಶನ ಸೀರೆಯ ಅಂಚಿನಂತೆ ಉದ್ದವಾಗಿತ್ತು, ಅಗಲವಿರಲಿಲ್ಲ. ಕೆಳಗೆ ಹೊಲಿಗೆ ಶಾಲೆ, ಮೇಲೆ ಸಭಾಂಗಣ, ನಡುವೆ ಅರ್ಧ ಹತ್ತಿ ತಿರುಗಿ ಮತ್ತೆ ಹತ್ತುವ ಮೆಟ್ಟಿಲು. ಇಷ್ಟು ಹಾಕುವಷ್ಟರಲ್ಲಿ ಜಾಗ ಮುಗಿದುಹೋಗಿತ್ತು.

ಮೊದಲ ನಕ್ಷೆ ತೋರಿಸಲು ಹೋದ ದಿನ ಹೊಲಿಗೆ ಕಲಿಯುತ್ತಿದ್ದ ನೀಲವೇಣಿ ಎಂಬ ಹುಡುಗಿ ಹಲ್ಲಿನಲ್ಲಿ ದಾರ ಕಡಿಯುತ್ತಾ ಕೇಳಿದಳು: "ತೊಟ್ಟಿಲ ಕೋಣೆ ಎಲ್ಲಿ ಬರುತ್ತೆ ಮೇಡಂ?"

ಹಳೆಯ ಕಟ್ಟಡದ ಹಿಂಭಾಗದಲ್ಲಿ ಹಾಗೊಂದು ಕೋಣೆಯಿತ್ತು. ತೊಲೆಗೆ ಸೀರೆಯ ಜೋಲಿಗಳನ್ನು ಕಟ್ಟಿ, ಎಳೆಮಕ್ಕಳನ್ನು ಮಲಗಿಸಿ, ತಾಯಂದಿರು ಹೊಲಿಗೆ ಯಂತ್ರದ ಮುಂದೆ ಕೂರುತ್ತಿದ್ದರು. ಆಗಲೂ ಒಂದು ಜೋಲಿ ತೂಗುತ್ತಿತ್ತು. ಅದರಲ್ಲಿದ್ದದ್ದು ಅವಳದೇ ಮಗು.

"ಜಾಗ ಇಲ್ಲಮ್ಮ" ಎಂದೆ.

"ಹಾಗಾದ್ರೆ ನಾನೂ ಇಲ್ಲ ಬಿಡಿ. ಹೋಗೋದಾದ್ರೆ ಮಗೂನ ಎತ್ಕೊಂಡೇ ಹೋಗು ಅಂದಿದಾರೆ ನಮ್ಮತ್ತೆ. ಇಲ್ಲಿ ಮಲಗ್ಸಕ್ಕೆ ಜಾಗ ಇದೆ ಅಂತ ತಾನೇ ನಾನು ಬರೋದು?"

ಅವಳು ಅದನ್ನು ದೂರಿನಂತೆ ಹೇಳಲಿಲ್ಲ. ಹೇಳಿ ಮತ್ತೆ ಹೊಲಿಗೆಗೆ ಬಾಗಿದಳು. ಅವಳು ಹೊಲಿಯುತ್ತಿದ್ದ ರವಿಕೆಯ ಕತ್ತಿನ ತಿರುವನ್ನು ನಾನು ನೋಡಿದೆ. ಅಷ್ಟು ನಯವಾದ ತಿರುವು ಬಿಡಿಸಲು ನನಗೆ ಕಂಪ್ಯೂಟರು ಬೇಕಾಗುತ್ತದೆ.

ಸಮಾಜದ ಅಧ್ಯಕ್ಷೆ ವಿಶಾಲಾಕ್ಷಮ್ಮನವರ ಆಕ್ಷೇಪವೇ ಬೇರೆ. ಅವರು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ನಕ್ಷೆಯ ಮೇಲೆ ಬೆರಳಿಟ್ಟರು.

"ಏನಮ್ಮ ಇದು? ಮೆಟ್ಟಿಲೋ ಬಾಚಣಿಗೆಯೋ?"

ಅವರ ಪ್ರಶ್ನೆಯಲ್ಲಿ ತಪ್ಪಿರಲಿಲ್ಲ. ನಾವು ಬಳಸುವ ಸಾಫ್ಟ್‌ವೇರಿನಲ್ಲಿ ಗೆರೆ ಎಳೆಯುವುದಿಲ್ಲ, ಕಟ್ಟಡವನ್ನೇ ಕಟ್ಟುತ್ತೇವೆ. ಗೋಡೆಯ ದಪ್ಪ, ಮೆಟ್ಟಿಲಿನ ಏರು ಎಲ್ಲ ಹೇಳಿಕೊಟ್ಟರೆ ನಕ್ಷೆಯನ್ನು ಅದು ತಾನೇ ತೆಗೆದುಕೊಡುತ್ತದೆ. ಚೊಕ್ಕಟವಾಗಿ ತೆಗೆದುಕೊಡುತ್ತದೆ ಎಂಬ ಭರವಸೆ ಮಾತ್ರ ಇಲ್ಲ. ಓರೆಗೆರೆಯ ಆಚೆಗಿನ ಮೆಟ್ಟಿಲುಗಳನ್ನೂ ಅದು ಈಚೆಯವುಗಳಷ್ಟೇ ದಪ್ಪಗೆ ಬರೆದಿತ್ತು. ಮೇಲಂತಸ್ತಿನಿಂದ ತಾರಸಿಗೆ ಹತ್ತುವ ಮೆಟ್ಟಿಲಿನ ಗೆರೆಗಳೂ ಅದರ ಮೇಲೆ ಬಂದು ಕೂತಿದ್ದವು. ಓರೆಗೆರೆಯೋ ಎರಡೆರಡಾಗಿ, ಅಂಚು ದಾಟಿ ಗೋಡೆಯೊಳಕ್ಕೆ ನುಗ್ಗಿತ್ತು.

"ಶಂಕುಸ್ಥಾಪನೆಗೆ ಇದನ್ನ ಕಟ್ಟು ಹಾಕಿಸಿ ಇಡಬೇಕು. ನೆಟ್ಟಗೆ ಮಾಡ್ಕೊಂಡು ಬಾ. ಆಮೇಲೇ ಸಭೆಯಲ್ಲಿ ಒಪ್ಪಿಗೆ" ಎಂದರು ವಿಶಾಲಾಕ್ಷಮ್ಮ.

ಮರುದಿನ ಬೆಳಿಗ್ಗೆ ಕೂತೆ. ಮೇಲಂತಸ್ತಿನ ಮೆಟ್ಟಿಲನ್ನು ಕೆಳಗಿನ ನಕ್ಷೆಯಿಂದ ಮರೆಮಾಡಿದೆ. ಅರ್ಧದಷ್ಟು ಗೆರೆಗಳು ಉದುರಿದವು. ಕೊಯ್ಯುವ ಎತ್ತರ ತಪ್ಪಾಗಿತ್ತು, ಎದೆಮಟ್ಟಕ್ಕೆ ತಂದೆ. ಎರಡು ಓರೆಗೆರೆಗಳಲ್ಲಿ ಒಂದನ್ನು ತೆಗೆದು, ಉಳಿದದ್ದರ ತುದಿಗಳನ್ನು ಮೆಟ್ಟಿಲಿನ ಅಂಚಿಗೆ ಸರಿಯಾಗಿ ಕತ್ತರಿಸಿದೆ. ಕೊನೆಗೆ, ಗೆರೆಯ ಆಚೆಗಿನ ಭಾಗಕ್ಕೆ ಬೇರೆ ಲೇಖನಿ, ಅಂದರೆ ತೆಳುವಾದ ಗೆರೆ, ಕೊಡೋಣವೆಂದು ಅದನ್ನು ಒಂದು ಕ್ಷಣ ಮರೆಮಾಡಿದೆ.

ಪರದೆಯ ಮೇಲೆ ಬಿಳಿಯ ಜಾಗವೊಂದು ತೆರೆದುಕೊಂಡಿತು.

ಅದು ಹೊಸ ಜಾಗವಲ್ಲ. ಮೊದಲಿನಿಂದಲೂ ಅಲ್ಲೇ ಇತ್ತು. ಎರಡನೆಯ ಸಾಲಿನ ಮೆಟ್ಟಿಲುಗಳ ಕೆಳಗೆ, ಹೊಲಿಗೆ ಶಾಲೆಯ ಗೋಡೆಗೆ ತಾಗಿಕೊಂಡಂತೆ. ಅಷ್ಟು ದಿನ ಅದರ ಮೇಲೆಲ್ಲ ಬಾಚಣಿಗೆಯ ಹಲ್ಲುಗಳಿದ್ದುದರಿಂದ ಅಲ್ಲಿ ನೆಲವಿದೆ ಎಂದು ನನಗೇ ಅನಿಸಿರಲಿಲ್ಲ. ಕಟ್ಟಡವನ್ನು ಉದ್ದಕ್ಕೆ ಸೀಳಿ ಎತ್ತರ ನೋಡಿದೆ. ಒಂದು ತುದಿಯಲ್ಲಿ ಬಗ್ಗಬೇಕು. ಇನ್ನೊಂದು ತುದಿಯಲ್ಲಿ ಬಾಗಿಲಿಗಿಂತ ಎತ್ತರ!

"ಸರ್! ಬನ್ನಿ ಇಲ್ಲಿ, ಬೇಗ!"

ವಸುಪಾಲ ಅವರು ಚಹಾದ ಲೋಟ ಹಿಡಿದುಕೊಂಡೇ ಬಂದರು. "ಏನಾಯ್ತು, ಕಂಪ್ಯೂಟರು ಮತ್ತೆ ಕೈಕೊಡ್ತಾ?"

"ತೊಟ್ಟಿಲ ಕೋಣೆ ಸಿಕ್ತು ಸರ್."

"ಮೆಟ್ಟಿಲ ಕೆಳಗಾ? ಅದು ಜಾಗವೇ ಅಲ್ಲಮ್ಮ. ಮುರಿದ ಕುರ್ಚಿಗಳ ಸ್ಮಶಾನ. ನಾನು ಕಟ್ಟಿದ ಎಲ್ಲ ಕಟ್ಟಡದಲ್ಲೂ ಹಾಗೇ ಆಗಿದೆ."

"ಎತ್ತರ ನೋಡಿ ಸರ್. ನಕ್ಷೆಯಲ್ಲಿ ಈ ಗೋಡೆ ತೆಗೆದು ಹೊಲಿಗೆ ಶಾಲೆ ಕಡೆ ತೆರೆದುಬಿಟ್ರೆ ತಾಯಂದಿರಿಗೆ ಕೂತಲ್ಲಿಂದಲೇ ಮಗು ಕಾಣುತ್ತೆ."

ಅವರು ನೋಡಿದರು. ಲೋಟವನ್ನು ಮೇಜಿನ ಮೇಲಿಟ್ಟರು. ಕುರ್ಚಿ ಎಳೆದುಕೊಂಡು ಕೂತು, ನನ್ನ ಕೈಯಿಂದ ಮೌಸ್ ಕಸಿದುಕೊಂಡರು. "ತೊಟ್ಟಿಲ ಕೊಕ್ಕೆ ಆಮೇಲೆ ಹಾಕೋಕಾಗಲ್ಲ, ಕಾಂಕ್ರೀಟ್ ಸುರಿಯೋವಾಗಲೇ ಇಡಬೇಕು" ಎಂದು ಗೊಣಗಿದರು. ಅವರು ಕೊಕ್ಕೆಯ ಮಾತಿಗೆ ಬಂದರೆಂದರೆ ಒಪ್ಪಿದರೆಂದೇ ಅರ್ಥ.

ಒಂದು ವಿಷಯದಲ್ಲಿ ಮಾತ್ರ ನಮ್ಮಿಬ್ಬರಿಗೂ ಒಮ್ಮತವಾಗಲಿಲ್ಲ. "ಆಚೆ ಭಾಗ ಹೀಗೇ ಬೆಳ್ಳಗಿರಲಿ. ಚುಕ್ಕೆಗೆರೆ ಹಾಕಿದ್ರೆ ಅವರಿಗೆ ಗೊಂದಲ" ಎಂದರು.

"ತಲೆ ಮೇಲೆ ಮೆಟ್ಟಿಲು ಇದೆಯಲ್ಲ ಸರ್?"

"ಇದೆ."

"ಹಾಗಾದ್ರೆ ನಕ್ಷೆಯಲ್ಲೂ ಇರಲಿ."

ಚುಕ್ಕೆಗೆರೆಗಳನ್ನು ತೆಳ್ಳಗೆ ಹಾಕಿದೆ. ನಡುವೆ ಒಂಟಿ ಓರೆಗೆರೆ. ಅಷ್ಟು ಚೆನ್ನಾದ ಮೆಟ್ಟಿಲನ್ನು ನಾನು ಅದುವರೆಗೆ ಮುದ್ರಿಸಿರಲಿಲ್ಲ.

ಸಭೆಯ ದಿನ ಹಳೆಯ ಕಟ್ಟಡದ ಜಮಖಾನೆಯ ಮೇಲೆ ನಕ್ಷೆ ಹಾಸಿದೆ. ಸುತ್ತ ಹೆಂಗಸರು ಮುಗಿಬಿದ್ದರು. ಸಮಾಜವನ್ನು ಕಟ್ಟಿದವರಲ್ಲಿ ಉಳಿದಿದ್ದ ಒಬ್ಬರೇ ಹಿರಿಯರಾದ ಸಿದ್ದಗಂಗಮ್ಮನವರು ಮಾತ್ರ ಗೋಡೆಗೊರಗಿ ಎಲೆಅಡಿಕೆ ಮಡಿಸುತ್ತಿದ್ದರು. ಕುಂಬಳಕಾಯಿಯ ತಲೆ ಕೊಯ್ದು ಒಳಗೆ ನೋಡಿದ ಹಾಗೆ ಎಂದು ನಾನು ಓರೆಗೆರೆಯ ಅರ್ಥ ವಿವರಿಸಿದೆ. "ಇಲ್ಲಿಂದ ಆಚೆ ನೆಲ ಖಾಲಿ. ಇಲ್ಲಿ ತೊಟ್ಟಿಲು ತೂಗುತ್ತೆ" ಎಂದಾಗ ಗದ್ದಲವೆದ್ದಿತು. ಮಗುವನ್ನು ಸೊಂಟಕ್ಕೇರಿಸಿಕೊಂಡಿದ್ದ ನೀಲವೇಣಿ ಎರಡು ತಲೆಗಳ ನಡುವೆ ತನ್ನ ತಲೆ ತೂರಿಸಿದಳು.

"ಎಲ್ಲಿ? ಎಲ್ಲಿ ಮೇಡಂ? ಇಷ್ಟು ಜಾಗಾನಾ?"

"ನಿನ್ನ ಮಗುಗೆ ಸಾಲದಿದ್ರೆ ನೀನೂ ಮಲಕ್ಕೋ" ಎಂದಳು ಯಾರೋ. ಎಲ್ಲರೂ ನಕ್ಕರು.

ವಿಶಾಲಾಕ್ಷಮ್ಮ ನಗಲಿಲ್ಲ. ಬೆರಳನ್ನು ಓರೆಗೆರೆಯಿಂದ ಆಚೆಗೆ ಮೆಲ್ಲನೆ ಸರಿಸುತ್ತಿದ್ದರು. "ಈ ಚುಕ್ಕೆಗಳೇನಮ್ಮ?"

"ಅದು ಮೇಲಿನ ಮೆಟ್ಟಿಲು. ತಲೆ ಮೇಲೆ ಹಾದುಹೋಗುತ್ತೆ ಅಂತ ಗುರುತು."

"ಅಂದ್ರೆ ಕೆಳಗೆ ಮಗು ಮಲಗಿರುತ್ತೆ, ನಾವೆಲ್ಲ ಅದನ್ನ ದಾಟ್ಕೊಂಡು ಸಭೆಗೆ ಹೋಗೋದಾ?"

ನಗು ಅಲ್ಲೇ ನಿಂತಿತು. ಮಲಗಿದ ಮಗುವನ್ನು ದಾಟಿದರೆ ಅದು ಬೆಳೆಯುವುದಿಲ್ಲ ಎಂಬುದು ಆ ಊರಿನಲ್ಲಿ ಯಾರೂ ವಾದಕ್ಕೆ ತೆಗೆದುಕೊಳ್ಳುವ ಮಾತಲ್ಲ. ನಂಬದವರೂ ಸುತ್ತಿಕೊಂಡೇ ಹೋಗುತ್ತಾರೆ. ವಸುಪಾಲ ಅವರು ನನ್ನ ಕಡೆ ನೋಡಿದರು. ಹೇಳಿರಲಿಲ್ಲವೇ ಎಂಬ ನೋಟ. ನೀಲವೇಣಿ ಮಗುವನ್ನು ಒಂದು ಸೊಂಟದಿಂದ ಇನ್ನೊಂದಕ್ಕೆ ಬದಲಾಯಿಸಿ ಹಿಂದಕ್ಕೆ ಸರಿದಳು. ನಡುವೆ ಕಾಂಕ್ರೀಟಿನ ಹಲಗೆಯಿದೆ ಎಂದು ನಾನು ಶುರುಮಾಡಿದೆ. ಯಾರೂ ಕೇಳಿಸಿಕೊಳ್ಳಲಿಲ್ಲ.

"ಅಲ್ವೇ ವಿಶಾಲೂ," ಗೋಡೆಯ ಕಡೆಯಿಂದ ಸಿದ್ದಗಂಗಮ್ಮನವರ ದನಿ ಬಂತು. "ಅಪ್ಪಿತಪ್ಪಿ ಮಗೂನ ದಾಟಿಬಿಟ್ರೆ ನಿಮ್ಮನೇಲಿ ಏನ್ಮಾಡ್ತೀರಾ?"

"ಏನ್ಮಾಡ್ತಾರೆ ಅಜ್ಜಿ, ವಾಪಸ್ ದಾಟ್ತಾರೆ."

"ದಾಟಿದ್ರೆ?"

"ದೋಷ ಹೋಯ್ತು."

"ಹ್ಞೂ. ಮೇಲಕ್ಕೆ ಹತ್ತಿದೋಳು ಇಳಿದು ಬರಲ್ವೇನೇ? ಸಭೆ ಮುಗಿದ ಮೇಲೂ ಅಲ್ಲೇ ಸಂಸಾರ ಹೂಡ್ತೀಯಾ?"

ಜಮಖಾನೆಯ ಒಂದು ಮೂಲೆಯಿಂದ ನಗು ಶುರುವಾಯಿತು. ಆದರೆ ವಿಶಾಲಾಕ್ಷಮ್ಮ ಅಷ್ಟಕ್ಕೆ ಸೋಲುವವರಲ್ಲ. "ಇಳಿಯೋದು ಸರಿ ಅಜ್ಜಿ. ಹತ್ತಿದ ದಾರಿಯಲ್ಲೇ ಇಳೀಬೇಕಲ್ಲ? ಇನ್ನೊಂದು ಕಡೆಯಿಂದ ಇಳಿದುಬಿಟ್ರೆ ದಾಟಿದ್ದು ದಾಟಿದ್ದೇ." ನನ್ನ ಕಡೆ ತಿರುಗಿದರು. "ಇಳಿಯೋಕೆ ಬೇರೆ ದಾರಿ ಇದೆಯೇನಮ್ಮ?"

ಎಲ್ಲ ಮುಖಗಳೂ ನನ್ನತ್ತ ತಿರುಗಿದವು. ನನಗೆ ನಿಜವಾದ ಉತ್ತರ ಗೊತ್ತಿತ್ತು.

"ಇಲ್ಲಮ್ಮ. ಮೊದಲ ನಕ್ಷೆಯಲ್ಲಿ ಹಿಂದುಗಡೆ ಕಬ್ಬಿಣದ ಸುರುಳಿ ಮೆಟ್ಟಿಲು ಹಾಕಿದ್ವಿ. ಕಳ್ಳರಿಗೆ ಏಣಿ ಇಟ್ಟ ಹಾಗಾಗುತ್ತೆ ಅಂತ ನೀವೇ ತೆಗೆಸಿದ್ರಿ. ಈಗಿರೋದು ಇದೊಂದೇ."

ಹೆಂಗಸರು ಹೋ ಎಂದು ಕೂಗಿದರು. ಯಾರೋ ಚಪ್ಪಾಳೆ ತಟ್ಟಿದರು. ವಿಶಾಲಾಕ್ಷಮ್ಮ ಕನ್ನಡಕ ತೆಗೆದು, ಸೆರಗಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡು ನಕ್ಷೆಯನ್ನು ಇನ್ನೊಮ್ಮೆ ನೋಡಿದರು. "ಕೊಕ್ಕೆ ಗಟ್ಟಿ ಇರಬೇಕು" ಎಂದಷ್ಟೇ ಹೇಳಿ ಸಹಿ ಹಾಕಿದರು. ನೀಲವೇಣಿ ಮಗುವನ್ನು ತಟ್ಟನೆ ನನ್ನ ಮಡಿಲಿಗೆ ಹಾಕಿ, ಎರಡೂ ಕೈಗಳನ್ನು ನೆಲಕ್ಕೂರಿ, ಆ ಬಿಳಿಯ ಜಾಗದ ಮೇಲೆ ಬಾಗಿದಳು.

ಕಟ್ಟಡ ಎದ್ದಿತು. ಪ್ರಾರಂಭೋತ್ಸವದ ಭಾಷಣಗಳು ಮುಗಿದು ಜನ ಸದ್ದು ಮಾಡುತ್ತಾ ಇಳಿದುಹೋದ ಮೇಲೆ ನಾನು ಕೆಳಗೆ, ಹೊಲಿಗೆ ಶಾಲೆಯ ಬಾಗಿಲಲ್ಲಿ ನಿಂತಿದ್ದೆ. ಒಳಗೆ ನೀಲವೇಣಿಯ ಯಂತ್ರ ಓಡುತ್ತಿತ್ತು, ಮೆಟ್ಟಿಲ ಕೆಳಗಿನ ತೊಟ್ಟಿಲಲ್ಲಿ ಅವಳ ಮಗು ಮಲಗಿತ್ತು. ಮೇಲೆ ಸಭಾಂಗಣಕ್ಕೆ ಬೀಗ ಹಾಕಿದ ಸದ್ದಾಯಿತು. ವಿಶಾಲಾಕ್ಷಮ್ಮ ಕೊನೆಯವರಾಗಿ ಇಳಿದು ಬರುತ್ತಿದ್ದರು. ತೊಟ್ಟಿಲಿನ ಮೇಲಿನ ಮೆಟ್ಟಿಲುಗಳಿಗೆ ಬಂದಾಗ ನಿಂತರು. ಸೊಂಟದ ಕೀಲಿಕೈ ಗೊಂಚಲನ್ನು ಸದ್ದಾಗದ ಹಾಗೆ ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದು, ಇನ್ನೊಂದು ಕೈಯಲ್ಲಿ ನೆರಿಗೆ ಎತ್ತಿಕೊಂಡು, ಒಂದೊಂದೇ ಮೆಟ್ಟಿಲನ್ನು ತುದಿಗಾಲಲ್ಲಿ ಇಳಿದರು.