ಕೊನೆಯ ಹಾಳೆಯ ಕೆಳಗೆ

ಕೂತವಳು ಮತ್ತೆ ಎದ್ದು ಬಾಗಿಲಿಗೆ ಬಂದಳು. ಮುಂದಿನ ಕೋಣೆಯಲ್ಲಿ ಗಂಡ ಬಿಳಿ ಬಟ್ಟೆ ಹೊದ್ದು ಮಲಗಿದ್ದ. ನಿನ್ನೆ ಲ್ಯಾಬಿಗೆ ಹೊರಟು ಷೂ ಲೇಸು ಕಟ್ಟಲು ಬಗ್ಗಿದವನು ಮೇಲೇಳಲೇ ಇಲ್ಲ.

"ಅತ್ತಿಗೆ, ಇನ್ಯಾರಿಗೆ ಕಾಯೋದು?" ಮೈದುನ ಕೇಳಿದ. "ಗಾಡಿಯವನು ಗೊಣಗ್ತಿದಾನೆ."

"ಕಿಡಿ ಬರ್ಲಿ."

"ಆ ಲ್ಯಾಬಿನವನಾ? ಹೆಣ ಮನೇಲಿರೋವಾಗ ಅವನಿಗೆ ಮೆಷಿನ್ ಹೆಚ್ಚಾಯ್ತಾ?"

"ನಾನೇ ಕಳ್ಸಿದ್ದು. ಏನಾಯ್ತು ನೋಡ್ಕೊಂಡು ಬಾ ಅಂತ."

ಗೋಡೆಗೆ ಒರಗಿದ್ದ ನೆರೆಯವಳು ಪಿಸುಗುಟ್ಟಿದಳು. "ಜನ್ಮವೆಲ್ಲ ಆಕಾಶದ ಅದೇನೋ ಕಣ್ಣಿಗೆ ಕಾಣದ ಕಪ್ಪು ದ್ರವ್ಯ ಹುಡುಕಿದ್ರಂತಲ್ಲ, ಸಿಕ್ತಾ?"

"ಕಳ್ಕೊಂಡಿದ್ರೆ ತಾನೇ ಸಿಗೋಕೆ," ಅಂದ ಅವಳ ಗಂಡ.

ಇವಳ ಕಿವಿಗೂ ಬಿತ್ತು. ಒಳಗೆ ಹೋಗಿ ನಲ್ಲಿ ತಿರುಗಿಸಿದಳು, ಯಾಕೆಂದು ತಿಳಿಯದೆ ನಿಲ್ಲಿಸಿದಳು. ಲ್ಯಾಬಿನಲ್ಲಿ ಏನಾಯಿತೆಂದು ತಿಳಿಯದೆ ಅವನನ್ನು ಕಳಿಸಿಕೊಡಲು ಅವಳಿಗೆ ಮನಸ್ಸೇ ಬರಲಿಲ್ಲ.

*

ಹೋದ ವಾರ ಅವನು ಅಡುಗೆಮನೆಯಲ್ಲಿ ಅತ್ತಿಂದಿತ್ತ ಓಡಾಡುತ್ತ ಅವಳ ಕಾಲಿಗೆ ಅಡ್ಡ ಬರುತ್ತಿದ್ದ.

"ಪೆಟ್ಟಿಗೆ ತುಂಬ ಗ್ಯಾಸು ಕಣೇ. ಆ ಕಾಣದ್ದು ಬಂದು ಡಿಕ್ಕಿ ಹೊಡೆದ್ರೆ ಒಂದಷ್ಟು ಎಲೆಕ್ಟ್ರಾನು ಉದುರುತ್ತೆ, ಅಷ್ಟೆ. ಅದನ್ನ ಕರೆಂಟ್ ಕೊಟ್ಟ ತೂತಿನ ಹಾಳೆಯೊಳಗೆ ಜಗ್ಗಿದ್ರೆ ಒಂದು ಸಾವಿರಾರಾಗಿ ಬೆಳಕು ಕೊಡುತ್ತೆ. ಆದ್ರೂ ಕ್ಯಾಮೆರಾಗೆ ಸಾಲ್ದು."

"ವೋಲ್ಟೇಜ್ ಜಾಸ್ತಿ ಮಾಡಿ."

"ನಮ್ಮ ಲ್ಯಾಬಿನ ಹುಡುಗ ಮಾಡ್ದ. ಕಿಡಿ ಹಾರಿಸಿ ಹಾಳೆ ಸುಟ್ಟ. ಅವನಿಗೇ ಕಿಡಿ ಅಂತ ಹೆಸರಿಟ್ವಿ." ನಕ್ಕ. "ಈಗ ಕೊನೇ ಹಾಳೆ ಕೆಳಗೊಂದು ಜಾಲರಿ ಕಟ್ಟಿದೀನಿ. ತೂತಿಂದ ಹೊರಬಿದ್ದಿದ್ದನ್ನ ಇನ್ನೊಂದು ಸಲ ಜಗ್ಗೋಕೆ. ಬೆಳಕು ಹೆಚ್ಚಬೇಕು, ಕಿಡಿ ಹಾರಬಾರ್ದು."

"ಆಗದಿದ್ರೆ?"

"ಇಷ್ಟು ವರ್ಷ ನಿನ್ನ ತಲೆ ತಿಂದದ್ದು ದಂಡ."

*

ಕಿಡಿ ಏದುಸಿರು ಬಿಡುತ್ತ ಬಂದ.

"ಹಾರ್ತಾ?" ಅವಳು ಮೆಟ್ಟಿಲಲ್ಲೇ ಕೇಳಿದಳು.

"ಇಲ್ಲ ಅಕ್ಕ. ಬೆಳಗಿಂದ ಮೆಷಿನ್ ಓಡ್ತಿದೆ, ಒಂದು ಕಿಡೀನೂ ಹಾರಿಲ್ಲ."

"ಅಂದ್ರೆ ಆ ದ್ರವ್ಯ ಸಿಕ್ತು?" ಮೈದುನ ಹತ್ತಿರ ಬಂದ.

"ಇಲ್ಲ ಸಾರ್. ಈ ಬೆಳಕು ಪರೀಕ್ಷೆಗೆ ನಾವೇ ಬಿಟ್ಟ ಕಿರಣದ್ದು." ಕಿಡಿ ಮೊಬೈಲು ಮುಂದೆ ಹಿಡಿದ. ಕಪ್ಪಗಿನ ಚಿತ್ರದಲ್ಲಿ ಒಂದು ಬಿಳಿ ಚುಕ್ಕಿ. "ಜಾಲರಿ ಕಟ್ಟೋ ಮೊದಲು ಈ ಚುಕ್ಕಿ ಇದೆಯೋ ಇಲ್ವೋ ಅಂತ ಅವರೂ ನಾನೂ ಜಗಳ ಆಡ್ತಿದ್ವಿ."

ಅವಳು ಬಹಳ ಹೊತ್ತು ನೋಡಿದಳು. ಆಮೇಲೆ ಮೈದುನನಿಗೆ, "ಎತ್ತಿ ಇನ್ನು," ಅಂದಳು. ಮೊಬೈಲನ್ನು ಮಗನ ತಲೆಯ ಬಳಿ ಕೂತಿದ್ದ ಅತ್ತೆಯ ಕೈಗಿಟ್ಟಳು.

"ಅತ್ತೆ, ಇವರು ಮಾಡಿದ್ದು."

ಪೊರೆ ಬಂದ ಕಣ್ಣಿನ ಹತ್ತಿರ ಹಿಡಿದುಕೊಂಡು ಮುದುಕಿ ಹುಬ್ಬು ಗಂಟಿಕ್ಕಿದರು. "ಏನೋ ಕಸ ಕೂತಿದೆಯಲ್ಲೇ," ಎಂದು ಹೆಬ್ಬೆರಳಿನಿಂದ ಉಜ್ಜಿದರು. ಚುಕ್ಕಿ ಬೆರಳಿನ ಹಿಂದೆಯೇ ಸರಿಯಿತು. ಅವರು ಇನ್ನಷ್ಟು ಒತ್ತಿ ಉಜ್ಜಿದರು.